ಇಳಿಯದೆ ಮೇಲೇರುವ ಪಾಠ

ನನಗೆ ಗಣಿತ ಕಲಿಸಿದ ಟೀಚರ ಮಗನನ್ನು ನಾನು ಪರೀಕ್ಷೆಯಲ್ಲಿ ಫೇಲು ಮಾಡಿದೆ. ಆಮೇಲೆ ಟೀಚರು ನನ್ನ ಹತ್ತಿರ ಮಾತು ಬಿಟ್ಟರು. ನನ್ನ ಅಮ್ಮ ಮಾತು ಬಿಡಲಿಲ್ಲ. ಬಿಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸುವ ಹಾಗೆ ಕೆಲವು ತಿಂಗಳು ಮಾತಾಡಿದರು.

ನಾನು ವಿಮಾನ ಹಾರಿಸುವವಳು. ಒಂದು ಖಾಸಗಿ ಕಂಪೆನಿಯಲ್ಲಿ ಕ್ಯಾಪ್ಟನ್. ಕೆಲವು ವರ್ಷ ಪರೀಕ್ಷಕಿಯ ಕೆಲಸವನ್ನೂ ಮಾಡಿದೆ. ಹೊಸದಾಗಿ ಸೇರುವ ಪೈಲಟ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಇವರ ಕೈಗೆ ಜನರನ್ನು ಒಪ್ಪಿಸಬಹುದೇ ಎಂದು ನೋಡುವ ಕೆಲಸ ಅದು. ಸಿಮ್ಯುಲೇಟರ್ ಎಂದರೆ ವಿಮಾನದ ಮೂತಿಯನ್ನಷ್ಟೇ ಕತ್ತರಿಸಿ ತಂದು ದಪ್ಪ ಕಾಲುಗಳ ಮೇಲೆ ನಿಲ್ಲಿಸಿದಂತಿರುವ ಯಂತ್ರ. ಒಳಗೆ ಕೂತರೆ ಮಳೆ ಬರುತ್ತದೆ, ಗಾಳಿ ಎಳೆಯುತ್ತದೆ, ಎಂಜಿನ್ ನಿಲ್ಲುತ್ತದೆ, ಅಂಗೈ ಬೆವರುತ್ತದೆ. ಸಾಯುವುದೊಂದು ಇಲ್ಲ.

ನಮ್ಮ ಮನೆ ಮಂಗಳೂರಿನ ಪಡೀಲಿನಲ್ಲಿ. ಅಪ್ಪ ಹೆಚ್ಚಿನ ಆಯುಷ್ಯವನ್ನು ಗಲ್ಫಿನಲ್ಲಿ ಕಳೆದರು. ಅಮ್ಮ ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದರು. ಅಪ್ಪ ರಜೆ ಮುಗಿಸಿ ಹೊರಡುವಾಗಲೆಲ್ಲ ನಾವು ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡ ಹತ್ತಿ ಹೋಗಿ ಕೈ ಬೀಸುತ್ತಿದ್ದೆವು. ಬೇರೆಯವರ ಮನೆಯ ಮಕ್ಕಳು ಅಳುತ್ತಿದ್ದರು. ನಾನು ಆ ವಿಮಾನದ ಮುಂದಿನ ಕಿಟಕಿಯಲ್ಲಿ ಕೂತವರು ಯಾರು ಎಂದು ನೋಡುತ್ತಿದ್ದೆ.

ಆಸೆ ಇತ್ತು, ಗಣಿತ ಇರಲಿಲ್ಲ. ಬಲ್ಮಠದ ನಮ್ಮ ಶಾಲೆಯಲ್ಲಿ ಟೀಚರು ಹತ್ತನೆಯ ತರಗತಿಗೆ ಬರುತ್ತಿದ್ದರು. ಬಿಳಿ ಸೀರೆಯ ಮೇಲೆ ಸಣ್ಣ ಹೂವು, ಸೆರಗಿಗೆ ಚಾಕ್‌ಪುಡಿ. ನಾನು ತ್ರಿಕೋನಮಿತಿಯ ಲೆಕ್ಕಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಬೋರ್ಡಿನ ಮೇಲೆ ಸಲೀಸಾಗಿ ಬರೆದೆ. ಟೀಚರು ಸಂಖ್ಯೆಗಳನ್ನು ಒರೆಸಿ ಬೇರೆ ಸಂಖ್ಯೆ ಬರೆದರು. ನಾನು ಚಾಕ್ ಹಿಡಿದು ಸುಮ್ಮನೆ ನಿಂತೆ.

"ಉತ್ತರ ನಿನ್ನ ಬಾಯಲ್ಲಿ ಉಂಟು, ತಲೆಯಲ್ಲಿ ಇಲ್ಲ," ಅಂದರು. "ಸಂಜೆ ನಿಲ್ಲು."

ಆ ವರ್ಷವಿಡೀ ಸಂಜೆ ನಿಂತೆ. ಶಾಲೆಯ ಜವಾನ ಬೀಗದ ಗೊಂಚಲು ಹಿಡಿದು ಬಾಗಿಲಲ್ಲಿ ಕೆಮ್ಮುವವರೆಗೂ ಅವರು ಹೇಳಿಕೊಟ್ಟರು. ಎತ್ತರ, ದೂರ, ಕೋನ. ನಾನು ಇಂದು ರನ್‌ವೇಯನ್ನು ದೂರದಿಂದ ನೋಡಿ ಎತ್ತರ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಅಂದಾಜು ಮಾಡುವಾಗ ಬಳಸುವುದು ಆ ಸಂಜೆಗಳ ಲೆಕ್ಕವನ್ನೇ. ನಾನು ಪೈಲಟ್ ಆದಾಗ ಟೀಚರು ನಮ್ಮ ಮನೆಗೆ ಬಂದು ಅಮ್ಮನನ್ನು ತಬ್ಬಿಕೊಂಡು ಅತ್ತಿದ್ದರು.

ಅವರ ಗಂಡ ಬೇಗ ತೀರಿಕೊಂಡಿದ್ದರು. ಒಬ್ಬನೇ ಮಗ, ನನಗಿಂತ ಬಹಳ ಚಿಕ್ಕವನು. ಕಂಕನಾಡಿಯ ಮಾರ್ಕೆಟ್ಟಿನ ಹಿಂದಿನ ಅವರ ಮನೆಗೆ ಹೋದಾಗಲೆಲ್ಲ ಆ ಹುಡುಗ ನನ್ನ ಟೋಪಿ ಹಾಕಿಕೊಂಡು ಅಂಗಳದಲ್ಲಿ ಓಡುತ್ತಿದ್ದ. ಅವನೂ ಪೈಲಟ್ ಆಗಬೇಕು ಅಂದದ್ದು ನನ್ನನ್ನು ನೋಡಿಯೇ. ಟೀಚರು ಅದನ್ನು ಎಲ್ಲರ ಮುಂದೆ ಹೇಳುತ್ತಿದ್ದರು.

ಲೈಸೆನ್ಸಿನ ಲಿಖಿತ ಪರೀಕ್ಷೆಗೆ ಓದುತ್ತಿದ್ದಾಗ ಅವನೊಮ್ಮೆ ಪಡೀಲಿಗೆ ಬಂದ. ಹವಾಮಾನದ ವಿಷಯ ಹೇಳಿಕೊಡುತ್ತೇನೆ ಎಂದು ಕರೆದಿದ್ದೆ. ಅವನ ಮೊಬೈಲಿನಲ್ಲಿ ಹಿಂದಿನ ಪರೀಕ್ಷೆಗಳ ಪ್ರಶ್ನೆಗಳೆಲ್ಲ ಇದ್ದವು, ಉತ್ತರ ಸಮೇತ. ನಾನು ಪ್ರಶ್ನೆಯನ್ನು ಅರ್ಧ ಓದುವಷ್ಟರಲ್ಲಿ ಅವನು "ಸಿ" ಅನ್ನುತ್ತಿದ್ದ. ಎಲ್ಲವೂ ಸರಿ.

"ಯಾಕೆ ಸಿ?" ಎಂದು ಕೇಳಿದೆ.

ನಕ್ಕ. "ಅಕ್ಕ, ಯಾಕೆ ಅಂತ ಅಲ್ಲಿ ಕೇಳುವುದಿಲ್ಲ."

ಅವನು ಹೇಳಿದ್ದು ನಿಜವಾಗಿತ್ತು. ಅಲ್ಲಿ ಯಾರೂ ಕೇಳಲಿಲ್ಲ. ಲಿಖಿತದಲ್ಲಿ ಪಾಸಾದ, ವಿದೇಶದ ಒಂದು ಶಾಲೆಯಲ್ಲಿ ಹಾರಾಟ ಕಲಿತು ಬಂದ, ನಮ್ಮ ಕಂಪೆನಿಗೇ ಸೇರಿದ. ಅವನು ದಡ್ಡನಲ್ಲ, ಸೋಮಾರಿಯೂ ಅಲ್ಲ. ಕೇಳಿದ್ದಕ್ಕೆ ಕೇಳಿದಷ್ಟು ಕೊಡುವುದನ್ನು ನಾವೇ ಅವನಿಗೆ ಕಲಿಸಿದ್ದೆವು, ಅದನ್ನು ಚೆನ್ನಾಗಿ ಕಲಿತಿದ್ದ. ಸಿಮ್ಯುಲೇಟರಿನ ಪರೀಕ್ಷೆಯೂ ಹಾಗೇ ಆಗಿತ್ತು. ಯಾವ ಪರೀಕ್ಷಕರು ಯಾವ ಗಳಿಗೆಯಲ್ಲಿ ಎಂಜಿನ್ ನಿಲ್ಲಿಸುತ್ತಾರೆ, ಯಾರು ಬೆಂಕಿಯ ಗಂಟೆ ಹೊಡೆಸುತ್ತಾರೆ ಎಂಬುದೆಲ್ಲ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಮೊದಲೇ ಓಡಾಡುತ್ತಿತ್ತು. ನಾಟಕದ ಮಾತು ಕಲಿತ ಹಾಗೆ ಕಲಿತು ಬರುತ್ತಿದ್ದರು. ಎಂಜಿನ್ ನಿಂತಾಗ ಬೆಚ್ಚಿಬೀಳುವವರೇ ಇರಲಿಲ್ಲ.

ನಾನು ಮಾತ್ರ ಪ್ರತಿ ಸಲ ಏನನ್ನಾದರೂ ಬದಲಿಸುತ್ತಿದ್ದೆ. ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಹೆಚ್ಚಾಗಿ ನಾನು ಕೊಡುತ್ತಿದ್ದದ್ದು ನಮ್ಮ ಊರನ್ನು. ಬಜ್ಪೆಯ ರನ್‌ವೇ ಗುಡ್ಡದ ತಲೆ ಕಡಿದು ಮಾಡಿದ್ದು. ತುದಿ ದಾಟಿದರೆ ಹೊಲ ಗದ್ದೆ ಇಲ್ಲ, ಕಣಿವೆ. ಮಳೆಗಾಲದಲ್ಲಿ ಮೋಡ ಅದರ ಮೇಲೆಯೇ ಕೂತಿರುತ್ತದೆ. ಹಿಂದೊಮ್ಮೆ ಒಂದು ವಿಮಾನ ಆ ಕಣಿವೆಗೆ ಉರುಳಿದ್ದನ್ನು ಕಂಡ ಮಂಗಳೂರಿನವರಿಗೆ ಇದರ ಅರ್ಥ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅವನ ಹೆಸರು ನನ್ನ ಪರೀಕ್ಷೆಗೆ ಬಂದಾಗ ನಾನು ತರಬೇತಿ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ಹುಡುಗ ನನಗೆ ಮನೆಯವನಿದ್ದಂತೆ, ಬೇರೆಯವರನ್ನು ಹಾಕಿ ಎಂದು ಕೇಳಿಕೊಂಡೆ.

"ಮಂಗಳೂರಿನವರೆಲ್ಲ ನಿಮಗೆ ಮನೆಯವರೇ," ಎಂದು ಅವರು ನಕ್ಕರು. "ಹೊಸ ವಿಮಾನಗಳು ಬರುತ್ತಾ ಇವೆ. ಕೂರಿಸಲು ಜನ ಇಲ್ಲ. ಪರೀಕ್ಷಕರೂ ಇಲ್ಲ. ಮುಗಿಸಿಬಿಡಿ."

ಮುಗಿಸಿಬಿಡಿ ಎಂಬ ಮಾತು ಆಗ ನಮ್ಮ ವಿಭಾಗದಲ್ಲಿ ಬಹಳ ಓಡುತ್ತಿತ್ತು.

ಆ ದಿನ ಅವನು ಮೊದಲಿನದೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ. ಕೊನೆಗೆ ನಾನು ಅವನಿಗೆ ಮಂಗಳೂರು ಕೊಟ್ಟೆ. ಒದ್ದೆ ರನ್‌ವೇ, ಮಳೆ, ಇಳಿಯುತ್ತಾ ಬಂದಂತೆ ಬೆನ್ನ ಹಿಂದಿನಿಂದ ತಳ್ಳುವ ಗಾಳಿ. ಅಂಥ ಗಾಳಿಗೆ ವಿಮಾನ ಬೇಕಾದದ್ದಕ್ಕಿಂತ ವೇಗವಾಗಿ, ಬೇಕಾದದ್ದಕ್ಕಿಂತ ಎತ್ತರದಲ್ಲಿ ರನ್‌ವೇಗೆ ಬರುತ್ತದೆ. ಆಗ ಮಾಡಬೇಕಾದದ್ದು ಒಂದೇ: ಇಳಿಯುವುದನ್ನು ಬಿಟ್ಟು, ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು ಮತ್ತೆ ಮೇಲೇರುವುದು. ಗೋ-ಅರೌಂಡ್ ಅನ್ನುತ್ತೇವೆ. ಪರೀಕ್ಷೆಯ ಪಟ್ಟಿಯಲ್ಲಿದ್ದ ಒಂದನ್ನು ಅವನು ಆಗಲೇ ಮಾಡಿ ತೋರಿಸಿದ್ದ. ಇದರಲ್ಲಿ ಅವಮಾನ ಏನೂ ಇಲ್ಲ. ಸುತ್ತಿ ಬಂದು ಮತ್ತೆ ಪ್ರಯತ್ನಿಸಬಹುದು, ಬೇರೆ ಊರಿಗಾದರೂ ಹೋಗಬಹುದು.

ಪಕ್ಕದ ಸೀಟಿನಲ್ಲಿದ್ದ ಪೈಲಟ್ "ಸ್ಟೇಬಲ್ ಇಲ್ಲ" ಎಂದು, ಅಂದರೆ ವೇಗ ಎತ್ತರ ಹಿಡಿತಕ್ಕೆ ಬಂದಿಲ್ಲ ಎಂದು, ಗಟ್ಟಿಯಾಗಿ ಹೇಳಿದ. ಇವನು "ಸರಿ ಮಾಡ್ತಾ ಇದ್ದೇನೆ" ಅಂದ. ಮೂಗು ತಗ್ಗಿಸಿದ. ವೇಗ ಇನ್ನೂ ಹೆಚ್ಚಾಯಿತು. ರನ್‌ವೇಯ ಆರಂಭ ನಮ್ಮ ಕೆಳಗೆ ಹರಿದುಹೋಯಿತು, ನಡುಭಾಗ ಹರಿದುಹೋಯಿತು, ಚಕ್ರ ಇನ್ನೂ ನೆಲ ಮುಟ್ಟಿರಲಿಲ್ಲ. ಮುಟ್ಟಿದ ಮೇಲೆ ಅವನು ಬ್ರೇಕ್ ಒತ್ತಿದ್ದು ಒತ್ತಿದ್ದೇ. ತುದಿಯ ಕೆಂಪು ದೀಪಗಳು ಬಂದವು, ಹಿಂದೆ ಹೋದವು. ಪರದೆ ಹಾಗೇ ನಿಂತುಬಿಟ್ಟಿತು.

ನಾನು ಏನೂ ಹೇಳದೆ ಗಾಳಿಯನ್ನು ಸ್ವಲ್ಪ ಬದಲಿಸಿ ಇನ್ನೊಂದು ಅವಕಾಶ ಕೊಟ್ಟೆ. ಅವನು ಮತ್ತೆ ಅದನ್ನೇ ಮಾಡಿದ. ಪರದೆ ಮತ್ತೆ ನಿಂತಿತು.

ಹೊರಗೆ ಬಂದು ಕೋಣೆಯಲ್ಲಿ ಕೂತ ಮೇಲೆ, ಯಾವ ಸ್ಥಿತಿಯಲ್ಲಿ ಗೋ-ಅರೌಂಡ್ ಮಾಡಬೇಕು ಎಂದು ಕೇಳಿದೆ. ಪುಸ್ತಕದಲ್ಲಿದ್ದ ಹಾಗೆಯೇ, ಒಂದು ಶಬ್ದ ತಪ್ಪದೆ ಹೇಳಿದ. ಎತ್ತರ, ವೇಗ, ಎಲ್ಲ.

"ಮತ್ತೆ ಯಾಕೆ ಮಾಡಲಿಲ್ಲ?"

"ಮೇಡಂ, ಗೋ-ಅರೌಂಡ್ ಆಗ್ಲೇ ಒಂದು ಸಲ ಮಾಡಿ ಆಗಿತ್ತಲ್ಲ? ಎರಡನೆಯದು ಇರ್ತದೆ ಅಂತ ಯಾರೂ ಹೇಳ್ಲಿಲ್ಲ," ಅಂದ.

ಅವನ ಮುಖದಲ್ಲಿ ಮೋಸ ಹೋದವನ ಸಿಟ್ಟು ಇತ್ತು. ಪಾಪ ಅನ್ನಿಸಿತು. ಆದರೂ ಪಾಸು ಮಾಡಲಿಲ್ಲ. ಈ ವಿಷಯದಲ್ಲಿ ಮೊದಲಿನಿಂದ ತರಬೇತಿ ಬೇಕು, ಬರೀ ಒಂದು ಮರುಪರೀಕ್ಷೆ ಸಾಲದು ಎಂದು ವರದಿ ಕೊಟ್ಟೆ.

ನಾನು ಊರು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಅಮ್ಮ ಊಟ ಬಡಿಸುತ್ತಾ ತಟ್ಟೆಯನ್ನು ಸದ್ದಾಗುವ ಹಾಗೆ ಇಟ್ಟರು.

"ಟೀಚರ್ ಇಲ್ಲದಿದ್ರೆ ನೀನು ಎಲ್ಲಿ ಇರ್ತಿದ್ದಿ?"

"ಅಮ್ಮ, ಅವನು ವಿಮಾನವನ್ನು ಗುಂಡಿಗೆ ಹಾಕಿದ. ಎರಡು ಸಲ."

"ನಿಜದ ವಿಮಾನ ಅಲ್ಲವಲ್ಲ."

ನನಗೆ ರೇಗಿತು. "ನೀವು ಆಸ್ಪತ್ರೆಯಲ್ಲಿ ಟ್ರೈನಿಂಗ್ ಹುಡುಗಿಯರನ್ನು ನೋಡಿಕೊಳ್ತಿದ್ದಿರಲ್ಲ. ಇಂಜೆಕ್ಷನ್ ಕೊಡಲಿಕ್ಕೆ ಬಾರದವಳಿಗೆ ಬರ್ತದೆ ಅಂತ ಸೈನ್ ಹಾಕ್ತಿದ್ದಿರಾ?" ಎಂದು ಕೇಳಿದೆ.

ಅಮ್ಮ ಸಾರಿನ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದರು. ಸುಳ್ಳು ಹೇಳುವ ಹೆಂಗಸಲ್ಲ. "ಹಾಕಿದ್ದುಂಟು," ಅಂದರು. "ವಾರ್ಡಿಗೆ ಜನ ಬೇಕಿತ್ತು."

"ಆಮೇಲೆ ಎಂತ ಆಯ್ತು?"

"ಎಂತದೂ ಆಗ್ಲಿಲ್ಲ." ಸೌಟನ್ನು ಪಾತ್ರೆಯಲ್ಲಿಟ್ಟು, "ನಮಗೆ ಗೊತ್ತಾಗುವ ಹಾಗೆ ಎಂತದೂ ಆಗ್ಲಿಲ್ಲ," ಅಂದು ಒಳಗೆ ಹೋದರು.

ಮರುದಿನ ನಾನೇ ಕಂಕನಾಡಿಗೆ ಹೋದೆ. ಟೀಚರಿಗೆ ಅರ್ಥವಾಗುತ್ತದೆ ಎಂಬ ನಂಬಿಕೆ ಇತ್ತು. ಅವರಿಗಲ್ಲದೆ ಬೇರೆ ಯಾರಿಗೆ ಅರ್ಥವಾಗಬೇಕು? ಬಾಗಿಲು ತೆರೆದವರು ಕೂತುಕೋ ಅನ್ನಲಿಲ್ಲ. ನಾನು ನಿಂತುಕೊಂಡೇ ನಡೆದದ್ದನ್ನೆಲ್ಲ ವಿವರಿಸಿದೆ. ಕೇಳಿಸಿಕೊಂಡರು.

"ಬೇರೆ ಪರೀಕ್ಷಕರು ಈ ಮಂಗಳೂರು ಲೆಕ್ಕ ಕೊಡ್ತಾರಾ?" ಎಂದು ಕೇಳಿದರು.

"ಇಲ್ಲ ಟೀಚರ್. ಕೊಡಬೇಕಿತ್ತು."

"ಅವನ ಬ್ಯಾಚಿನ ಬೇರೆ ಮಕ್ಕಳಿಗೆ ಕೊಟ್ಟಿದ್ದಾರಾ?"

"ಇಲ್ಲ. ಅವರನ್ನೆಲ್ಲ ಬೇರೆ ಪರೀಕ್ಷಕರು ನೋಡಿದ್ದು."

"ಹಾಗಾದ್ರೆ ಅವನೊಬ್ಬನಿಗೆ ಯಾಕೆ ಕೊಟ್ಟೆ ನೀನು? ನನ್ನ ಮಗ ಅಂತ ಗೊತ್ತಿದ್ದೂ ಕೊಟ್ಟದ್ದಾ, ನನ್ನ ಮಗ ಅಂತಲೇ ಕೊಟ್ಟದ್ದಾ? ನೀನು ಎಷ್ಟು ನ್ಯಾಯವಂತೆ ಅಂತ ಜಗತ್ತಿಗೆ ತೋರಿಸಲಿಕ್ಕೆ ನನ್ನ ಮನೆಯೇ ಸಿಕ್ಕಿತಾ ಮಾರಾಯ್ತಿ?"

ನಾನು ಎಲ್ಲರಿಗೂ ಹೀಗೆಯೇ ಮಾಡುತ್ತೇನೆ ಅಂದೆ. ಟೀಚರೇ ಬೋರ್ಡಿನ ಮೇಲಿನ ಸಂಖ್ಯೆ ಬದಲಿಸುತ್ತಿದ್ದರಲ್ಲವೇ ಎಂಬುದೂ ಬಾಯಿಗೆ ಬಂತು. ಅದನ್ನು ಹೇಳಲಿಲ್ಲ.

"ಹೋಗು ನೀನು," ಅಂದರು. ಹೋದೆ.

ಮೊದಲಿನಿಂದ ತರಬೇತಿ ಕೊಡಿ ಎಂಬ ನನ್ನ ಮಾತನ್ನು ಕಂಪೆನಿ ಕೇಳಲಿಲ್ಲ. ಹುಡುಗನನ್ನು ಒಂದು ಸಲ ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಬೇರೆ ಪರೀಕ್ಷಕರಿಂದ ಪರೀಕ್ಷೆ ಮಾಡಿಸಿದರು. ಎಂಜಿನ್ ಎಂದಿನ ಜಾಗದಲ್ಲೇ ನಿಂತಿತು. ಅವನು ಪಾಸಾದ.

ನಾನು ಸುಮ್ಮನೆ ಕೂರಲಿಲ್ಲ. ತರಬೇತಿಯ ಗುಣಮಟ್ಟದ ಬಗ್ಗೆ ಕಂಪೆನಿಯಲ್ಲಿ ಒಂದು ಸಭೆ ಇತ್ತು. ಅಲ್ಲಿ ಎದ್ದು ನಿಂತು, ಪರೀಕ್ಷೆಯ ನಾಟಕ ಹುಡುಗರಿಗೆ ಮೊದಲೇ ಗೊತ್ತಿರಬಾರದು ಅಂದೆ. ವಿಮಾನವನ್ನು ತಾನಾಗಿ ಹಾರಿಸುವ ಆಟೋಪೈಲಟ್ ಯಂತ್ರವನ್ನು ಆರಿಸಿ ಕೈಯಾರೆ ಹಾರಿಸಲು ಸಮಯ ಕೊಡಬೇಕು, ಇಳಿಯದೆ ಮೇಲೇರಿದವನನ್ನು ಯಾರೂ ಏಕೆ ಎಂದು ಕೇಳಬಾರದು, ಪಾಠ ಹೇಳುವಾಗ ಮಾತ್ರ ಯಾಕೆ ಎಂಬ ಪ್ರಶ್ನೆಯನ್ನು ಮೊದಲ ದಿನದಿಂದಲೇ ಕೇಳಬೇಕು ಎಂದೆಲ್ಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ತುಂಬಾ ಒಳ್ಳೆಯ ವಿಚಾರ ಅಂದರು. ಚಹಾ ಬಂತು. ಮುಂದಿನ ತಿಂಗಳ ಪಟ್ಟಿಯಲ್ಲಿ ಪರೀಕ್ಷಕರ ಸಾಲಿನಲ್ಲಿ ನನ್ನ ಹೆಸರು ಇರಲಿಲ್ಲ.

ಮುಖ್ಯಸ್ಥರನ್ನು ಕೇಳಿದಾಗ, "ನಿಮಗೆ ಸ್ವಲ್ಪ ವಿಶ್ರಾಂತಿ ಇರಲಿ ಅಂತ," ಅಂದರು. ಆ ವಿಶ್ರಾಂತಿ ಇಂದಿಗೂ ಮುಗಿದಿಲ್ಲ.

ನಾನು ಬರೀ ಕ್ಯಾಪ್ಟನ್ ಆಗಿ ಹಾರುತ್ತಾ ಉಳಿದೆ. ಕಂಪೆನಿ ಬೆಳೆಯಿತು. ಟೀಚರ ಮಗ ಸಹ ಪೈಲಟ್ ಆಗಿ ಕೆಲವು ವರ್ಷ ಹಾರಿ, ಹಾರಾಟದ ಗಂಟೆಗಳು ತುಂಬುತ್ತಲೇ ಕ್ಯಾಪ್ಟನ್ ಆದ. ಸಿಮ್ಯುಲೇಟರಿನ ಹೊರಗೆ, ಮಂಗಳೂರಿನಂಥ ಕಡೆ ಸಹ ಪೈಲಟ್ ವಿಮಾನ ಇಳಿಸುವಂತಿಲ್ಲ, ಕ್ಯಾಪ್ಟನ್ನೇ ಇಳಿಸಬೇಕು. ಅದಕ್ಕೆ ಬೇಕಾದ ಅನುಮತಿಯೂ ಅವನಿಗೆ ಸಿಕ್ಕಿತು ಎಂದು ಅಮ್ಮ ಭಾನುವಾರದ ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ಬಂದು ಹೇಳಿದರು. ಟೀಚರು ಅಲ್ಲಿ ಪೇಡೆ ಹಂಚಿದ್ದರಂತೆ. ನಮ್ಮ ಮನೆಗೂ ಕೊಟ್ಟಿದ್ದರಂತೆ. ಅಮ್ಮ ಅದನ್ನು ಮೇಜಿನ ಮೇಲಿಟ್ಟಿದ್ದರು. ನಾನು ತಿಂದೆ. ಏನು ಮಾಡಲಿ?

ಒಂದು ಮಳೆಗಾಲದಲ್ಲಿ ರಜೆಗೆಂದು ಮುಂಬೈಯಿಂದ ಊರಿಗೆ ಪ್ರಯಾಣಿಕಳಾಗಿ ಬರುತ್ತಿದ್ದೆ. ಮಂಗಳೂರಿನ ವಿಮಾನ ಹತ್ತಿದರೆ ಪರಿಚಯದ ಮುಖ ಸಿಗದೆ ಇರುವುದಿಲ್ಲ. ಒಳಗೆ ಹೋಗುವಾಗ ಮೊದಲ ಸಾಲಿನಲ್ಲಿ ಟೀಚರು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕಿಟಕಿಯ ಕಡೆ ತಿರುಗಿದರು. ಕ್ಯಾಪ್ಟನ್ ಯಾರು ಎಂದು ಆಗಲೇ ಗೊತ್ತಾಯಿತು. ಮಗ ತಾಯಿಯನ್ನು ತನ್ನದೇ ವಿಮಾನದಲ್ಲಿ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಬೇರೆ ಯಾರ ವಿಷಯದಲ್ಲಾದರೂ ನನ್ನ ಕಣ್ಣು ತುಂಬುತ್ತಿತ್ತು.

ನನ್ನದು ರೆಕ್ಕೆಯ ಹಿಂದಿನ ಕಿಟಕಿಯ ಸೀಟು. ಪಕ್ಕದಲ್ಲಿ ಗಲ್ಫಿನಿಂದ ಮುಂಬೈ ಮೂಲಕ ಬರುತ್ತಿದ್ದ ಬ್ಯಾರಿ ಹಿರಿಯರೊಬ್ಬರು, ಮಡಿಲಲ್ಲಿ ಮೊಮ್ಮಗಳಿಗೆ ತಂದ ದೊಡ್ಡ ಗೊಂಬೆ. ಬಜ್ಪೆ ಹತ್ತಿರವಾದಂತೆ ಮೋಡ ದಟ್ಟವಾಯಿತು. ನಾನು ಕಣ್ಣು ಮುಚ್ಚಿದೆ. ಮುಚ್ಚಿದರೂ ಮೈಗೆ ತಿಳಿಯುತ್ತದೆ. ಎಂಜಿನ್ನಿನ ಸದ್ದು ತೀರಾ ಇಳಿದಿತ್ತು, ಮೂಗು ಬೇಕಾದದ್ದಕ್ಕಿಂತ ತಗ್ಗಿತ್ತು. ವೇಗ ಹೆಚ್ಚಾಗಿದೆ. ಎತ್ತರವೂ. ಮೇಲೆ ಹೋಗು, ಎಂದು ಮನಸ್ಸಿನಲ್ಲೇ ಹೇಳಿದೆ. ಮೇಲೆ ಹೋಗು ಮಾರಾಯ. ಎಂಜಿನ್ ಗರ್ಜಿಸುವುದನ್ನು ಕಾದೆ. ಗರ್ಜಿಸಲಿಲ್ಲ.

ಕಣ್ಣು ತೆರೆದಾಗ ಒದ್ದೆ ರನ್‌ವೇ ಕೆಳಗೆ ಓಡುತ್ತಿತ್ತು. ಪ್ರತಿ ಸಲ ಚಕ್ರ ತಾಗಿದ ಮೇಲೆ ನನಗೆ ಕಾಣುವ ಟ್ಯಾಕ್ಸಿವೇಯ ತಿರುವು, ವಿಮಾನ ರನ್‌ವೇ ಬಿಟ್ಟು ಹೊರಳುವ ಜಾಗ, ಕಿಟಕಿಯಲ್ಲಿ ಬಂದು ಹೋಯಿತು. ನಾವಿನ್ನೂ ಗಾಳಿಯಲ್ಲಿದ್ದೆವು. ಆಮೇಲೆ ಧಡ್ಡೆಂದು ತಾಗಿತು. ಬ್ರೇಕಿಗೆ ಎಲ್ಲರೂ ಮುಂದಕ್ಕೆ ಬಾಗಿದರು, ಯಾರದೋ ನೀರಿನ ಬಾಟಲಿ ಸೀಟುಗಳ ಅಡಿಯಲ್ಲಿ ಉರುಳುತ್ತಾ ಮುಂದೆ ಹೋಯಿತು, ಗೊಂಬೆ ಹಿರಿಯರ ಕೈ ತಪ್ಪಿ ಬಿತ್ತು. ವಿಮಾನ ನಡುಗಿತು, ನಿಧಾನವಾಯಿತು, ನಿಂತಿತು. ಕಿಟಕಿಗೆ ಕೆನ್ನೆ ಒತ್ತಿ, ಮುಂದೆ ಇನ್ನು ಎಷ್ಟು ನೆಲ ಉಳಿದಿದೆ ಎಂದು ನೋಡಿದೆ. ಹೆಚ್ಚು ಇರಲಿಲ್ಲ.

"ಬ್ರೇಕ್ ಒಳ್ಳೆದುಂಟು ಮಾರಾಯ್ರೆ," ಎಂದು ಹಿರಿಯರು ಗೊಂಬೆ ಎತ್ತಿಕೊಂಡು ನಕ್ಕರು. ಜನ ಆಗಲೇ ಎದ್ದು ಚೀಲ ಇಳಿಸುತ್ತಿದ್ದರು.

ಕೊನೆಯವರಲ್ಲಿ ಒಬ್ಬಳಾಗಿ ನಾನು ಇಳಿಯಲು ಹೋದಾಗ ಅವನು ಬಾಗಿಲ ಬಳಿ ತಾಯಿಯ ಕೈ ಹಿಡಿದು ನಿಂತಿದ್ದ. ನನ್ನನ್ನು ನೋಡಿ ಮುಖ ಬಿಳುಚಿತು, ಆಮೇಲೆ ಗಟ್ಟಿಯಾಯಿತು.

"ಉದ್ದ ಹೋಯ್ತು," ಅಂದೆ, ಅವನಿಗೆ ಮಾತ್ರ ಕೇಳುವ ಹಾಗೆ. "ಮೇಲೆ ಹೋಗಬೇಕಿತ್ತು."

"ನಿಂತಿತಲ್ಲ ಮೇಡಂ," ಅಂದ.

ಟೀಚರು ಇಬ್ಬರನ್ನೂ ನೋಡಿದರು. ವರ್ಷಗಳ ನಂತರ ನನ್ನ ಹತ್ತಿರ ಮಾತಾಡಿದರು. "ನೋಡಿದೆಯಾ ನನ್ನ ಮಗನನ್ನು?"

"ನೋಡಿದೆ ಟೀಚರ್," ಅಂದೆ. ಅವರ ಕೈಯಲ್ಲಿ ಕೊಡೆ ಇತ್ತು, ಮೆಟ್ಟಿಲು ಒದ್ದೆಯಾಗಿತ್ತು. ಇಷ್ಟು ಜನರ ನಡುವೆ, ನಿಮ್ಮ ಮಗ ನಿಮ್ಮನ್ನು ಎಲ್ಲಿಯವರೆಗೆ ಕರೆದೊಯ್ದಿದ್ದ ಎಂದು ಆ ತಾಯಿಗೆ ಹೇಗೆ ಹೇಳುವುದು? ಮಾಮೂಲಾಗಿ, ಜಾಗ್ರತೆ ಇಳಿಯಿರಿ, ಎಂದಷ್ಟೇ ಹೇಳಿದೆ.

ಮನೆಗೆ ಬಂದು ಸುರಕ್ಷತಾ ವಿಭಾಗಕ್ಕೆ ಬರೆದೆ. ಉತ್ತರ ಬಂತು. ತಮ್ಮ ಕಾಳಜಿಗೆ ಧನ್ಯವಾದ, ಕ್ಯಾಪ್ಟನ್ ಜೊತೆ ಮಾತಾಡಲಾಗಿದೆ, ವಿಮಾನಕ್ಕಾಗಲಿ ಪ್ರಯಾಣಿಕರಿಗಾಗಲಿ ಏನೂ ಆಗಿಲ್ಲ. ಏನಾದರೂ ಆಗಿದ್ದರೆ ಮಾತ್ರ ನಾನು ಸರಿ ಎಂದಾಗುತ್ತಿತ್ತು. ಅಂಥ ಸರಿ ನನಗೆ ಬೇಡ. ಹಾಗೆಂದು ನನ್ನ ಕಹಿಯೂ ಹೋಗುವುದಿಲ್ಲ. ಅವನು ಹಾರುವ ಪ್ರತಿ ಮಳೆಗಾಲವೂ ಚೆನ್ನಾಗಿ ಮುಗಿಯಲಿ ಎಂದು ಪ್ರಾರ್ಥಿಸುತ್ತೇನೆ. ಅದು ಚೆನ್ನಾಗಿ ಮುಗಿದಷ್ಟೂ ನಾನು ಹೊಟ್ಟೆಕಿಚ್ಚಿನ ಹೆಂಗಸು ಎಂಬುದು ಊರಿಗೆ ಖಾತ್ರಿಯಾಗುತ್ತದೆ.

ಕಳೆದ ವರ್ಷ ರಜೆಯ ದಿನಗಳಲ್ಲಿ ಮನೆಯಲ್ಲೇ ಪಾಠ ಹೇಳಿಕೊಡಲು ತೊಡಗಿದೆ. ಪೈಲಟ್ ಆಗಬೇಕೆನ್ನುವ ಒಬ್ಬಳು ಹುಡುಗಿ ಬರತೊಡಗಿದಳು. ಅವಳ ತಂದೆಗೆ ಕಂಕನಾಡಿಯಲ್ಲಿ ಬಟ್ಟೆಯಂಗಡಿ. ಹುಡುಗಿ ಚುರುಕು. ಮೋಡ ಯಾಕೆ ಗುಡ್ಡದ ಒಂದೇ ಬದಿಯಲ್ಲಿ ಕೂರುತ್ತದೆ ಎಂದು ಕೇಳಿದಾಗ ಉತ್ತರ ಗೊತ್ತಿಲ್ಲ ಅಂದಳು. ಗೊತ್ತಿಲ್ಲ ಅಂದದ್ದಕ್ಕೇ ನನಗೆ ಅವಳ ಮೇಲೆ ಪ್ರೀತಿ ಬಂತು. ಮುಂದಿನ ಸಲ ಬಂದಾಗ ತಾನೇ ಚಿತ್ರ ಬರೆದುಕೊಂಡು ಬಂದು ವಿವರಿಸಿದಳು. ತಪ್ಪಿತ್ತು, ಆದರೆ ಯೋಚಿಸಿ ಮಾಡಿದ ತಪ್ಪು.

ಸ್ವಲ್ಪ ಕಾಲದ ನಂತರ ಅವಳ ತಂದೆ ಒಬ್ಬರೇ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಮಾತು ಹೇಗೆ ತೆಗೆಯುವುದೆಂದು ತಿಳಿಯದೆ ಅಮ್ಮ ಕೊಟ್ಟ ಚಹಾವನ್ನು ಪೂರ್ತಿ ಕುಡಿದರು.

"ಮೇಡಂ, ನೀವು ಹೇಳಿಕೊಡುವುದು ಒಳ್ಳೆದೇ," ಅಂದರು. "ಮಗಳು ಮನೆಯಲ್ಲಿ ಅದನ್ನೇ ಹೇಳ್ತಾಳೆ. ಆದ್ರೆ ಇದು ಪರೀಕ್ಷೆಗೆ ಬರುವುದಿಲ್ಲ ಅಂತ ಅಲ್ವಾ? ಬಲ್ಮಠದಲ್ಲಿ ಒಂದು ಕೋಚಿಂಗ್ ಸುರು ಆಗಿದೆ. ಅಲ್ಲಿ ಪ್ರಶ್ನೆ ಉತ್ತರ ಎಲ್ಲ ಕೊಡ್ತಾರಂತೆ, ಒಂದೇ ಸಲಕ್ಕೆ ಪಾಸ್ ಅಂತ. ಅವಳ ಜೊತೆಯವರೆಲ್ಲ ಅಲ್ಲೇ ಸೇರಿದ್ದಾರೆ. ನಾನು ಎಂತ ಮಾಡ್ಲಿ, ನೀವೇ ಹೇಳಿ."

ಅವರು ನನ್ನನ್ನು ನಿಜವಾಗಿಯೂ ಕೇಳುತ್ತಿದ್ದರು. ಆ ಪರೀಕ್ಷೆ ಹೇಗಿದೆ ಎಂದು ನನಗೆ ಗೊತ್ತಿತ್ತು. ನನ್ನ ಬಳಿ ಮಾತ್ರ ಕಲಿತರೆ ಹುಡುಗಿ ಹಿಂದೆ ಬೀಳುತ್ತಾಳೆ, ಅವಳ ಬ್ಯಾಚಿನವರು ಮುಂದೆ ಹೋಗುತ್ತಾರೆ.

"ಅಲ್ಲಿಗೇ ಕಳಿಸಿ," ಅಂದೆ.

ಅವರಿಗೆ ಎಷ್ಟೋ ಹಗುರವಾಯಿತು. ಎದ್ದು ಕೈ ಮುಗಿದು, ಬಿಡುವಾದಾಗ ಅವಳು ಇಲ್ಲಿಗೂ ಬರ್ತಾಳೆ ಮೇಡಂ ಅಂದರು. ನಾನು ಗೇಟಿನವರೆಗೆ ಹೋಗಿ ಬೀಳ್ಕೊಟ್ಟೆ. ಹುಡುಗಿ ಪಾಸಾಗಿದ್ದಾಳೆ ಎಂದು ಮೊನ್ನೆ ಕೇಳಿದೆ. ಮತ್ತೆ ಬಂದಿಲ್ಲ.